ಮಾರ್ಸೆಲ್ ಪಾನ್ಯೋಲ್ : ನಾಟಕಕಾರನೊಬ್ಬನು ಚಿತ್ರನಿರ್ದೇಶಕನಾದ ಬಗೆ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಂಗಡಿಸಿದರು. ನಾಟಕವು ದೃಶ್ಯದ ಪಾಲಿಗೆ ಬಂದಿತು. ಸಿನಿಮಾ ಎಂಬ ಹೊಸ ಕಲೆ ಹುಟ್ಟಿದಾಗ ಅದೂ ದೃಶ್ಯವೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಅದು ಬಾಯಿಲ್ಲದ ಕಲೆಯಾಗಿಯೇ ಬೆಳೆಯಿತು. ಆಂಗಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಮೂರು ಅಭಿನಯಗಳು ಅದಕ್ಕೆ ಒಲಿದಿದ್ದುವು. ವಾಚಿಕವೊಂದು ಮಾತ್ರ ಒಲಿದಿರಲಿಲ್ಲ. 1927ನೆಯ ಇಸವಿಯ ಸುಮಾರಿಗೆ ಅಮೆರಿಕದಲ್ಲಿ ಅದಕ್ಕೆ ಬಾಯಿ ಬಂದಿತು. ಬಂದೊಡನೆಯೇ ಆ ಬಾಯಿಯಲ್ಲಿ ಯಾರ ಮಾತು ಹೊರಡಬೇಕು, ಆ ಮಾತಿನ ಯಜಮಾನರು ಯಾರು ಎಂಬ ಜಗಳವೂ ಹುಟ್ಟಿತು. ಚಿತ್ರ ತೆಗೆಯುವವರ ಎಣಿಕೆಯಲ್ಲಿ ಸಾಹಿತಿಯೆಂದರೆ ಕೂಲಿಗೆ ಬಂದ ಬರಹಗಾರ. ಬರೆದು ಕೊಟ್ಟು, ಹಣ ಎಣಿಸಿಕೊಂಡು, ಹೊರಟುಹೋಗತಕ್ಕವನು. ಇದನ್ನು ಒಪ್ಪದೆ, ಮಾತು ಬಂದ ಮೇಲೆ ಚಿತ್ರವು ಮಾತು ಬರೆಯುವವನದೇ ಎಂದು ವಾದಿಸಿ, ವಾದಿಸಿದ್ದಲ್ಲದೆ ತಾನೇ ಚಿತ್ರ ತೆಗೆದು ತೋರಿಸಿದವನು ಫ್ರಾನ್ಸಿನ ಮಾರ್ಸೆಲ್ ಪಾನ್ಯೋಲ್. ಅವನ ವಾದ ಎಷ್ಟು ಸರಿ, ಅವನ ಕೆಲಸ ಆ ವಾದವನ್ನು ಎಲ್ಲಿ ಮೀರಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಪಾನ್ಯೋಲನು ಹುಟ್ಟಿದ್ದು 1895ನೆಯ ಇಸವಿ ಫೆಬ್ರವರಿ 28ರಂದು, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಓಬಾನ್ ಎಂಬ ಊರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಲೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ತಮ್ಮ ಚಲಿಸುವ ಚಿತ್ರಗಳನ್ನು ಹಣ ಪಡೆದು ಜನರಿಗೆ ತೋರಿಸಿದರು. ಹೀಗೆ ಸಿನಿಮಾವೂ ಅವನೂ ಒಂದೇ ವಯಸ್ಸಿನವರು. ತಂದೆ ಶಾಲೆಯ ಉಪಾಧ್ಯಾಯ. ತಾಯಿ ಹೊಲಿಗೆಯ ಕೆಲಸ ಬಲ್ಲವಳು, ಮಗನಿಗೆ ಹದಿನೈದು ವರ್ಷವಾಗಿದ್ದಾಗ ತೀರಿಕೊಂಡಳು. ಮಗನೂ ತಂದೆಯ ಕಸುಬನ್ನೇ ಹಿಡಿದು ಇಂಗ್ಲಿಷ್ ಅಧ್ಯಾಪಕನಾದನು. ದಕ್ಷಿಣದ ಹಲವು ಊರುಗಳಲ್ಲಿ ಕಲಿಸಿ, 1922ರಲ್ಲಿ ಪ್ಯಾರಿಸ್ಸಿನ ಕೊಂದೊರ್ಸೆ ಪ್ರೌಢಶಾಲೆಗೆ ಬಂದನು. ಪರದೇಶದ ಭಾಷೆಯೊಂದನ್ನು ಮಕ್ಕಳಿಗೆ ಕಲಿಸಿ ಹೊಟ್ಟೆ ಹೊರೆಯುವುದು, ರಾತ್ರಿ ಕುಳಿತು ತನ್ನ ಭಾಷೆಯಲ್ಲಿ ಬರೆಯುವುದು—ಈ ಬಗೆಯ ಬಾಳು ನಮ್ಮಲ್ಲಿ ಅನೇಕರಿಗೆ ಅಪರಿಚಿತವಲ್ಲ. ಮುಂದೆ, ಹೆಸರೂ ಹಣವೂ ಬಂದ ಎಷ್ಟೋ ಕಾಲದ ಮೇಲೆ, ಅವನು ಹ್ಯಾಮ್ಲೆಟ್ ನಾಟಕವನ್ನು ಫ್ರೆಂಚಿಗೆ ಪರಿವರ್ತಿಸಿ 1947ರಲ್ಲಿ ಪ್ರಕಟಿಸಿದನು. ಹಳೆಯ ಕಸುಬು ಕೈಬಿಟ್ಟರೂ ಮನಸ್ಸು ಬಿಡಲಿಲ್ಲವೆಂದು ಕಾಣುತ್ತದೆ.

ಅವನಿಗೆ ಕೀರ್ತಿಯನ್ನು ತಂದದ್ದು 1928ರ ‘ತೊಪಾಜ್’ ನಾಟಕ. ಪ್ರಾಮಾಣಿಕನಾದ ಒಬ್ಬ ಬಡ ಮೇಷ್ಟ್ರು, ಶ್ರೀಮಂತಳೊಬ್ಬಳ ಮನೆಯ ಹುಡುಗನಿಗೆ ಸುಳ್ಳು ಅಂಕ ಕೊಡಲಾರೆನೆಂದು ಕೆಲಸ ಕಳೆದುಕೊಳ್ಳುತ್ತಾನೆ. ಪುರಸಭೆಯ ಒಬ್ಬ ಲಂಚಕೋರನ ಕೈಗೆ ಸಿಕ್ಕಿ, ಅವನ ವಿದ್ಯೆಯನ್ನೆಲ್ಲ ಕಲಿತು, ಕಡೆಗೆ ಗುರುವಿಗೇ ತಿರುಮಂತ್ರ ಹಾಕುತ್ತಾನೆ. ಮರುವರ್ಷವೇ ‘ಮಾರಿಯುಸ್’ ರಂಗಕ್ಕೆ ಬಂದಿತು. ಇದರ ಕಥೆ ನಡೆಯುವುದು ಮಾರ್ಸೇಲ್ಸ್ ನಗರದ ಹಳೆಯ ಬಂದರಿನ ಬದಿಯ ಒಂದು ಪಾನಗೃಹದಲ್ಲಿ. ಯಜಮಾನ ಸೆಸಾರ್, ಅವನ ಮಗ ಮಾರಿಯುಸ್. ಹುಡುಗನಿಗೆ ಒಂದು ಕಡೆ ಸಮುದ್ರದ ಹುಚ್ಚು, ಇನ್ನೊಂದು ಕಡೆ ಎದುರಿಗೇ ಚಿಪ್ಪುಮೀನು ಮಾರುವ ಫಾನಿ ಎಂಬ ಹುಡುಗಿಯ ಮೇಲೆ ಪ್ರೇಮ. ಕಡೆಗೆ ಅವಳೇ ಮನಸ್ಸನ್ನು ಕಲ್ಲು ಮಾಡಿಕೊಂಡು ಅವನನ್ನು ಹಡಗಿಗೆ ಕಳುಹಿಸುತ್ತಾಳೆ. ಕಥೆ ಇಷ್ಟೆ. ಆದರೆ ಪ್ಯಾರಿಸ್ಸಿನ ಸಭ್ಯರು ಅಲ್ಲಿಯವರೆಗೆ ನಗುವುದಕ್ಕೆ ಮಾತ್ರ ಉಪಯೋಗಿಸುತ್ತಿದ್ದ ದಕ್ಷಿಣ ದೇಶದ ಉಚ್ಚಾರ, ಆ ರಾಗ, ಆ ಬಡಾಯಿ, ಅದೇ ಬಾಯಿಂದ ಇಲ್ಲಿ ಅಳುವೂ ಬಂದಿತು. ಸೆಸಾರನ ಪಾತ್ರ ವಹಿಸಿದವನು ರೇಮ್ಯೂ ಎಂಬ ನಟ. ಅವನೂ ಆ ಸೀಮೆಯವನೇ. ಪಾನ್ಯೋಲನು ಅವನಿಗೆಂದು ಮೊದಲು ಯೋಚಿಸಿದ್ದುದು ಪಾನಿಸ್ ಎಂಬ ಬೇರೊಂದು ಪಾತ್ರ. ತನಗೆ ಸೆಸಾರನೇ ಬೇಕೆಂದು ಹಟ ಹಿಡಿದು ತೆಗೆದುಕೊಂಡವನು ರೇಮ್ಯೂ. ಹಟ ಸಾರ್ಥಕವಾಯಿತು.

ಪಾನ್ಯೋಲನ ಬಾಳಿನ ತಿರುವು ಬಂದದ್ದು ಇಂಥ ಯಶಸ್ಸಿನ ನಡುವೆ. ಲಂಡನ್ನಿನಲ್ಲಿ ಮಾತನಾಡುವ ಚಿತ್ರವೊಂದು ನಡೆಯುತ್ತಿದೆಯೆಂದು ನಟಮಿತ್ರನೊಬ್ಬನಿಂದ ಕೇಳಿ, ಅವನು ಕಡಲು ದಾಟಿ ಹೋಗಿ ‘ಬ್ರಾಡ್‌ವೇ ಮೆಲೊಡಿ’ ಎಂಬ ಅಮೆರಿಕದ ಚಿತ್ರವನ್ನು ನೋಡಿದನು. ಚಿತ್ರವೇನೋ ಸಾಧಾರಣದ್ದು, ನೋಡಿದವನ ಕಣ್ಣು ಸಾಧಾರಣದ್ದಲ್ಲ. ಹಿಂದಿರುಗಿ 1930ರ ಮೇ ತಿಂಗಳಿನಲ್ಲಿ ಪ್ಯಾರಿಸ್ಸಿನ ‘ಲ ಜೂರ್ನಾಲ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ನಾಟಕವು ಹೊಸ ಹುಟ್ಟು ಪಡೆಯಲಿದೆ, ಅದರ ಸಾಧನ ವಾಕ್ಚಿತ್ರ ಎಂಬುದು ಅದರ ತಾತ್ಪರ್ಯ. ಪುಸ್ತಕವನ್ನು ಮುದ್ರಣವು ಹೇಗೆ ಹರಡುತ್ತದೆಯೊ ಹಾಗೆ ನಾಟಕವನ್ನು ವಾಕ್ಚಿತ್ರವು ಹರಡುತ್ತದೆ. ಹಿಂದೆ ಮೂಕಾಭಿನಯವನ್ನು ಮೂಕಚಿತ್ರವು ಹರಡಿತು, ಅಷ್ಟೆ.

ಇದರಿಂದ ಎರಡು ಪಕ್ಷದವರಿಗೂ ಒಟ್ಟಿಗೇ ಕೋಪ ಬಂದಿತು. ರಂಗಭೂಮಿಯವರಿಗೆ ಅವನು ಮನೆಮುರುಕನಾದನು. ಚಿತ್ರರಂಗದವರಿಗೆ, ತಮ್ಮ ಕಲೆಯನ್ನು ನಾಟಕದ ಬಾಲವಾಗಿ ಮಾಡಲು ಬಂದ ಹೊರಗಿನವನಾದನು. ಅವರಲ್ಲಿ ಪ್ರಮುಖನು ರೆನೆ ಕ್ಲೇರ್. ಬಿಂಬವೇ ಸಿನಿಮಾದ ಪ್ರಾಣವೆಂದು ನಂಬಿದ ನಿಪುಣ ನಿರ್ದೇಶಕ. ಪಾನ್ಯೋಲನು ತೆಗೆಯುವುದು ಚಿತ್ರವಲ್ಲ, ಜಾಡಿಯಲ್ಲಿ ಹಾಕಿಟ್ಟ ನಾಟಕ ಎಂದು ಹಾಸ್ಯ ಮಾಡಿದವರು ಎಷ್ಟೋ ಮಂದಿ. ಇವನು ಸುಮ್ಮನಿರುವವನಲ್ಲ, 1933ರ ಡಿಸೆಂಬರಿನಲ್ಲಿ ತನ್ನದೇ ಒಂದು ಪತ್ರಿಕೆಯನ್ನು ಹೊರಡಿಸಿ ವಾದವನ್ನು ಮುಂದುವರಿಸಿದನು. ಆ ವಾದದಲ್ಲಿ ಒಂದಂಶ ನನಗೆ ಬಹಳ ಮೌಲಿಕವಾಗಿ ತೋರುತ್ತದೆ. ನಾಟಕಶಾಲೆಯಲ್ಲಿ ಸಾವಿರ ಜನ ಸಾವಿರ ಸ್ಥಳಗಳಲ್ಲಿ ಕುಳಿತು ಸಾವಿರ ನಾಟಕಗಳನ್ನು ನೋಡುತ್ತಾರೆ; ಹಿಂದಿನ ಸಾಲಿನವನಿಗೂ ಕೇಳಬೇಕಾಗಿ ನಟನು ಪ್ರೇಮದ ಮಾತನ್ನೂ ಕೂಗಿ ಆಡಬೇಕಾಗುತ್ತದೆ. ಚಿತ್ರದಲ್ಲಿ ಎಲ್ಲರಿಗೂ ಕ್ಯಾಮೆರಾ ನಿಂತ ಸ್ಥಳವೇ ಪೀಠ. ಪಿಸುಮಾತು ಪಿಸುಮಾತಾಗಿಯೇ ಎಲ್ಲರ ಕಿವಿಗೂ ತಲಪುತ್ತದೆ. ಬಾನುಲಿಯನ್ನು ಕೇಳುವ ತಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾವಿರಾರು ಮನೆಗಳಲ್ಲಿ ಕೇಳುವ ಈ ಧ್ವನಿ ಒಂದು ಮನೆಯಲ್ಲಿಯೂ ಕೂಗಬೇಕಾಗಿಲ್ಲವಷ್ಟೆ.

‘ಮಾರಿಯುಸ್’ ಚಿತ್ರವಾದದ್ದು 1931ರಲ್ಲಿ. ಅಮೆರಿಕದ ಪ್ಯಾರಮೌಂಟ್ ಕಂಪೆನಿಯವರು ಪ್ಯಾರಿಸ್ಸಿನ ಹತ್ತಿರದ ಜ್ವಾನ್ವೀಲಿನಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿ, ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ತಯಾರಿಸುತ್ತಿದ್ದರು. ‘ಮಾರಿಯುಸ್’ ಕೂಡ ಫ್ರೆಂಚಿನಲ್ಲಲ್ಲದೆ ಜರ್ಮನ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿಯೂ ತಯಾರಾಯಿತು. ರಂಗದ ಮೇಲೆ ಅಭಿನಯಿಸಿದ ಮೇಳವೇ ಚಿತ್ರದಲ್ಲಿಯೂ ಇರಬೇಕೆಂದು ಪಾನ್ಯೋಲನು ಪಟ್ಟು ಹಿಡಿದು ಗೆದ್ದನು. ನಿರ್ದೇಶಿಸಿದವನು ಹಂಗೆರಿಯ ಅಲೆಗ್ಸಾಂಡರ್ ಕೋರ್ಡ. ಈ ಕೋರ್ಡನಿಗೆ ನಮ್ಮ ಸೀಮೆಯೊಡನೆಯೂ ಒಂದು ನಂಟುಂಟು; ಅವನು ಆಮೇಲೆ ಲಂಡನ್ನಿನಲ್ಲಿ ಕಟ್ಟಿದ ಸಂಸ್ಥೆಯೇ ಮೈಸೂರಿನ ಕಾಡುಗಳಿಗೆ ಬಂದು, ಕಾರಾಪುರದ ಮಾವುತರ ಹುಡುಗ ಸಾಬುವನ್ನು ಹಿಡಿದು, 1937ರಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರವನ್ನು ಹೊರತಂದದ್ದು. ಪಾನ್ಯೋಲನು ಕೋರ್ಡನ ಪಕ್ಕದಲ್ಲಿಯೇ ನಿಂತು ಕೆಲಸವನ್ನು ನೋಡಿ ಕಲಿತನು. ಚಿತ್ರಕ್ಕೆ ಅಪಾರವಾದ ಜಯ ದೊರಕಿತು.

ಆದರೆ ಅದೇ ಕಂಪೆನಿಯವರು ‘ತೊಪಾಜ್’ ನಾಟಕವನ್ನು ಚಿತ್ರಕ್ಕೆ ಅಳವಡಿಸಿದಾಗ ಬರವಣಿಗೆ ಬೇರೊಬ್ಬನ ಕೈಗೆ ಹೋಯಿತು. 1933ರಲ್ಲಿ ಬಂದ ಆ ಚಿತ್ರ ಲೇಖಕನಿಗೆ ಒಪ್ಪಿಗೆಯಾಗಲಿಲ್ಲ. ಅವನು ಮುಂದೆ ಅದೇ ನಾಟಕವನ್ನು 1936ರಲ್ಲೊಮ್ಮೆ, 1951ರಲ್ಲೊಮ್ಮೆ ತಾನೇ ಚಿತ್ರವಾಗಿ ತೆಗೆದನೆಂಬುದರಿಂದ ಆ ಅಸಮಾಧಾನ ಎಷ್ಟು ಆಳವಾದದ್ದೆಂದು ಊಹಿಸಬಹುದು. ಮಾತನ್ನು ಬರೆದವನಿಗೆ ಅದರ ಮೇಲೆ ಅಧಿಕಾರ ಉಳಿಯಬೇಕಾದರೆ ಕಂಪೆನಿಯೂ ಅವನದೇ ಆಗಿರಬೇಕು ಎಂಬ ಪಾಠವನ್ನು ಅವನು ಕಲಿತದ್ದು ಹೀಗೆ. ಮಾರ್ಸೇಲ್ಸಿನಲ್ಲಿ ಅವನು ತನ್ನದೇ ಚಿತ್ರಶಾಲೆ, ತನ್ನದೇ ರಸಾಯನಶಾಲೆ, ತನ್ನದೇ ವಿತರಣೆ, ತನ್ನದೇ ನಟವರ್ಗ ಎಲ್ಲವನ್ನೂ ಏರ್ಪಡಿಸಿಕೊಂಡನು. ಒಟ್ಟಿಗೆ ಉಣ್ಣುತ್ತ, ಒಟ್ಟಿಗೆ ಜಗಳವಾಡುತ್ತ, ಒಬ್ಬ ಯಜಮಾನನ ಕೆಳಗೆ ದುಡಿಯುತ್ತಿದ್ದ ಆ ಬಳಗವನ್ನು ನೆನೆದರೆ ನಮ್ಮ ಹಳೆಯ ನಾಟಕ ಕಂಪೆನಿಗಳ ಬಿಡಾರ ಕಣ್ಣಮುಂದೆ ಬರುತ್ತದೆ.

ಇಲ್ಲಿಂದಾಚೆಗೆ ಒಂದು ವಿಚಿತ್ರ ನಡೆಯಿತು. ಸಿನಿಮಾ ಎಂದರೆ ನಾಟಕದ ಮುದ್ರಣ ಎಂದು ಸಾರಿದ ಈ ಮನುಷ್ಯನು, ಕ್ಯಾಮೆರಾ ಕೈಗೆ ಬಂದ ಕೂಡಲೆ, ನಾಟಕಶಾಲೆಯಲ್ಲಿ ಎಂದಿಗೂ ತರಲಾರದ ವಸ್ತುಗಳ ಕಡೆಗೆ ಹೊರಟನು. ಅವು ಯಾವುವೆಂದರೆ ಬಂಡೆ, ಬಿಸಿಲು, ಗಾಳಿ, ನೀರು. ಪ್ಯಾರಿಸ್ಸಿನಲ್ಲಿಯೂ ಹಾಲಿವುಡ್ಡಿನಲ್ಲಿಯೂ ಬೀದಿಯನ್ನು ಕೂಡ ಹಲಗೆಯಿಂದ ಕಟ್ಟಿ ಮಹಡಿಯ ಒಳಗೆ ಚಿತ್ರ ತೆಗೆಯುತ್ತಿದ್ದ ಕಾಲ ಅದು. ಪಾನ್ಯೋಲನು 1933ರಲ್ಲಿ ‘ಜೊಫ್ರ್ವಾ’ ಎಂಬ ಚಿಕ್ಕ ಚಿತ್ರವನ್ನೂ, 1934ರಲ್ಲಿ ‘ಆಂಜೆಲ್’ ಎಂಬ ದೊಡ್ಡ ಚಿತ್ರವನ್ನೂ ತಾನು ಬಾಲ್ಯದಲ್ಲಿ ಅಲೆದ ಗುಡ್ಡಗಾಡಿನಲ್ಲಿ, ಬಯಲಿನಲ್ಲಿ, ಅಲ್ಲಿಯೇ ಧ್ವನಿಯನ್ನು ಹಿಡಿದು ತಯಾರಿಸಿದನು. ಎರಡರ ಕಥೆಯೂ ಪ್ರೊವಾನ್ಸಿನ ಹಿರಿಯ ಕಾದಂಬರಿಕಾರ ಜಾನ್ ಜಿಯೊನೊನದು. ‘ಜೊಫ್ರ್ವಾ’ದ ವಸ್ತುವನ್ನು ನಮ್ಮ ರೈತರು ಕೇಳಿದರೆ ತಲೆದೂಗಿಯಾರು: ಮುದುಕನೊಬ್ಬನು ತೋಟವನ್ನು ಮಾರಿದ್ದಾನೆ, ಕೊಂಡವನು ಹಣ್ಣಿನ ಮುದಿಮರಗಳನ್ನು ಕಡಿದು ಗೋಧಿ ಬಿತ್ತಬೇಕೆನ್ನುತ್ತಾನೆ, ಮುದುಕನು, ನೆಲವನ್ನು ಮಾರಿದೆನೇ ಹೊರತು ಮರಗಳನ್ನು ಸಾಯಿಸಲು ಬಿಡೆನೆಂದು, ತಾನು ಪ್ರಾಣ ಬಿಡುವೆನೆಂದು ಊರನ್ನೆಲ್ಲ ಹೆದರಿಸುತ್ತಾನೆ. 1937ರ ‘ರೆಗ್ಯಾಂ’ ಚಿತ್ರಕ್ಕೆ ಒಂದು ಹಾಳೂರು ಬೇಕಾಗಿತ್ತು. ಬ್ರೊಕಿಯೆ ಎಂಬ ಮೇಸ್ತ್ರಿಯನ್ನು ಕರೆದು, ಗುಡ್ಡದ ನೆತ್ತಿಯಲ್ಲಿ ನಿಜವಾದ ಕಲ್ಲಿನಿಂದ ನಿಜವಾದ ಹಾಳೂರನ್ನೇ ಕಟ್ಟಿಸಿದನು. ಹಾಳನ್ನು ಕಟ್ಟಿಸುವುದಕ್ಕೆ ಹಣ ಸುರಿದವನೆಂದು ನಗಬಹುದು. ಇಟಲಿಯ ನಿರ್ದೇಶಕರು ಬೀದಿಗಿಳಿದು ಬಡವರ ಬಾಳನ್ನು ಚಿತ್ರಿಸಿ ಲೋಕದ ಮೆಚ್ಚುಗೆ ಪಡೆದದ್ದು ಇದಾದ ಸುಮಾರು ಹತ್ತು ವರ್ಷಗಳ ಮೇಲೆ. ಜಾನ್ ರನ್ವಾರ್ ಎಂಬ ಮಹಾನಿರ್ದೇಶಕನು ಆ ದಕ್ಷಿಣದಲ್ಲಿಯೇ ಬಯಲಿನಲ್ಲಿ ತೆಗೆದ ‘ತೊನಿ’ ಚಿತ್ರಕ್ಕೂ ಒದಗಿದ್ದು ಪಾನ್ಯೋಲನ ಸಂಸ್ಥೆಯ ನೆರವೇ.

ಚಿತ್ರ ತೆಗೆಯುವಾಗ ಅವನ ರೀತಿ ಹೇಗಿತ್ತೆಂಬುದನ್ನು ಹೇಳಲೇಬೇಕು. ನಿರ್ದೇಶಕರೆಲ್ಲ ಕ್ಯಾಮೆರಾದ ಪಕ್ಕದಲ್ಲಿ ನಿಂತು ಕಣ್ಣು ಕೀಲಿಸಿ ನೋಡುತ್ತಾರೆ. ಪಾನ್ಯೋಲನು ಅನೇಕ ವೇಳೆ ಧ್ವನಿ ಹಿಡಿಯುವ ಯಂತ್ರದ ಗಾಡಿಯೊಳಗೆ ಹೋಗಿ ಕುಳಿತು, ನಟರ ಮುಖವನ್ನು ನೋಡದೆ, ಬರಿಯ ಮಾತನ್ನು ಕೇಳುತ್ತಿದ್ದನು. ಮಾತು ಸರಿಯಾಗಿ ಬಂದರೆ ದೃಶ್ಯ ಸರಿಯಾಯಿತು. ಧ್ವನಿ ಸುಳ್ಳಾದರೆ ಮುಖ ಎಷ್ಟು ಚೆಲುವಾಗಿದ್ದರೂ ಅದನ್ನು ಮತ್ತೆ ತೆಗೆಯಬೇಕು. ಲಾಕ್ಷಣಿಕರ ವಿಂಗಡಣೆಯನ್ನು ಇವನು ತಲೆಕೆಳಗು ಮಾಡಿದನೆನ್ನಬೇಕು. ದೃಶ್ಯವೆಂದು ಎಲ್ಲರೂ ಒಪ್ಪಿದ್ದನ್ನು ಶ್ರವ್ಯವಾಗಿ ಪರೀಕ್ಷಿಸಿದನು. ದೃಶ್ಯವನ್ನು ಅವನು ಬೆಟ್ಟಗುಡ್ಡಗಳಿಗೆ ಒಪ್ಪಿಸಿದ್ದನು. ಅವುಗಳಿಗೆ ನಿರ್ದೇಶಕನು ಬೇಕಾಗಿರಲಿಲ್ಲ.

ಇದರ ಪೂರ್ಣಫಲವನ್ನು ನೋಡಬೇಕೆನ್ನುವವರು 1938ರ ‘ರೊಟ್ಟಿಗಾರನ ಹೆಂಡತಿ’ಯನ್ನು ನೋಡಬೇಕು. ಹಳ್ಳಿಗೆ ಹೊಸದಾಗಿ ಬಂದ ರೊಟ್ಟಿಗಾರ, ವಯಸ್ಸಾದವನು, ಪಾತ್ರಧಾರಿ ರೇಮ್ಯೂ. ಅವನ ಎಳೆಯ ಹೆಂಡತಿ ಒಬ್ಬ ಕುರುಬನೊಡನೆ ಓಡಿಹೋಗುತ್ತಾಳೆ. ರೊಟ್ಟಿಗಾರನು ಅವಳು ಓಡಿಹೋದಳೆಂಬುದನ್ನು ನಂಬಲೊಲ್ಲ. ತಾಯಿಯ ಮನೆಗೆ ಹೋಗಿರಬೇಕೆನ್ನುತ್ತಾನೆ. ಕಡೆಗೆ ಒಲೆ ಹಚ್ಚುವುದನ್ನು ನಿಲ್ಲಿಸುತ್ತಾನೆ. ಊರಿಗೆ ರೊಟ್ಟಿಯಿಲ್ಲ. ಮೊದಲು ನಗುತ್ತಿದ್ದ ಊರು ಹಸಿವಾದಾಗ ಗಂಭೀರವಾಗುತ್ತದೆ. ತಲೆತಲಾಂತರದಿಂದ ಮಾತು ಬಿಟ್ಟವರು ಮಾತನಾಡುತ್ತಾರೆ. ಒಬ್ಬರನ್ನೊಬ್ಬರು ಕಂಡರಾಗದ ಪಾದ್ರಿಯೂ ಶಾಲೆಯ ಮೇಷ್ಟ್ರೂ ಜೊತೆಯಾಗಿ ಅವಳನ್ನು ಕರೆತರಲು ಹೊರಡುತ್ತಾರೆ. ಜೌಗು ನೆಲದಲ್ಲಿ ನಾಸ್ತಿಕನಾದ ಮೇಷ್ಟ್ರು ಪಾದ್ರಿಯನ್ನು ಬೆನ್ನಮೇಲೆ ಹೊತ್ತು ದಾಟಿಸಬೇಕಾಗುತ್ತದೆ. ಒಬ್ಬ ಬಡವನ ಮನೆಯ ದುಃಖವು ಇಡೀ ಊರಿನ ಅನ್ನದ ಪ್ರಶ್ನೆಯಾಗುವುದನ್ನು ಇಷ್ಟು ಸರಳವಾಗಿ ತೋರಿಸಿದ ಚಿತ್ರ ಬೇರೊಂದನ್ನು ನಾನು ಕಂಡಿಲ್ಲ.

ಹೆಂಡತಿ ಹಿಂದಿರುಗಿ ಬಂದಾಗ ಏನಾಗುತ್ತದೆ? ಗಂಡನು ಅವಳಿಗೆ ಒಂದು ಕಟುನುಡಿಯನ್ನೂ ಆಡುವುದಿಲ್ಲ. ತಾಯಿಯ ಮನೆಯಿಂದ ಬಂದವಳನ್ನು ಉಪಚರಿಸುವಂತೆ ಉಪಚರಿಸಿ, ಹೃದಯದ ಆಕಾರದ ಒಂದು ರೊಟ್ಟಿಯನ್ನು ಅವಳ ಮುಂದಿಡುತ್ತಾನೆ. ಅಷ್ಟರಲ್ಲಿ, ಮೂರು ದಿನದಿಂದ ಕಾಣದಿದ್ದ ಮನೆಯ ಹೆಣ್ಣು ಬೆಕ್ಕು ಒಳಗೆ ಬರುತ್ತದೆ. ತನ್ನ ಗಂಡುಬೆಕ್ಕನ್ನು ಬಿಟ್ಟು ಊರು ಸುತ್ತಿದ ಆ ಬೆಕ್ಕಿನ ಮೇಲೆ ರೊಟ್ಟಿಗಾರನ ಕೋಪವೆಲ್ಲ ಹರಿಯುತ್ತದೆ. ಎಷ್ಟು ನೋವು, ಎಷ್ಟು ಬೈಗಳು, ಎಷ್ಟು ಬೇಡಿಕೆ! ಹೆಂಡತಿ ಪಕ್ಕದಲ್ಲಿ ಕುಳಿತು ಕೇಳುತ್ತಾಳೆ. ಮಗಳನ್ನು ಗದರಿಸಿ ಸೊಸೆಗೆ ಬುದ್ಧಿ ಹೇಳುವ ಅತ್ತೆಯರ ಉಪಾಯ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆದರೆ ಇಲ್ಲಿ ಆ ಉಪಾಯ ಕ್ಷಮೆಯ ಉಪಾಯವಾಗಿದೆ. ಹೇಳಬೇಕಾದುದನ್ನು ಹೇಳದೆಯೇ ಹೇಳುವುದಕ್ಕೆ ನಮ್ಮವರು ಧ್ವನಿಯೆಂದು ಹೆಸರಿಟ್ಟರು. ಮಾತಿನ ಪಕ್ಷಪಾತಿಯಾದ ಪಾನ್ಯೋಲನ ಅತ್ಯುತ್ತಮ ದೃಶ್ಯದಲ್ಲಿ, ಮಾತು ಯಾರಿಗೆ ಸಲ್ಲಬೇಕೋ ಅವರಿಗೆ ಒಂದು ಮಾತೂ ಸಲ್ಲುವುದಿಲ್ಲ. ಅವಳ ಮುಖವನ್ನು ನಮಗೆ ತೋರಿಸುವುದು ಕ್ಯಾಮೆರಾ. ಜಾಡಿಯಲ್ಲಿ ಹಾಕಿಟ್ಟ ನಾಟಕವೆಂದು ಹಾಸ್ಯ ಮಾಡಿದವರಿಗೆ ಈ ಒಂದು ದೃಶ್ಯವೇ ಸಾಕಾದ ಉತ್ತರ. ಪಾನ್ಯೋಲನ ಸಿದ್ಧಾಂತಕ್ಕೂ ಇದು ಉತ್ತರವೇ ಎಂದು ನನ್ನ ಎಣಿಕೆ. ಅವನು ಅದನ್ನು ಒಪ್ಪುತ್ತಿದ್ದನೋ ಇಲ್ಲವೋ! ಈ ಚಿತ್ರಕ್ಕೆ 1940ರಲ್ಲಿ ನ್ಯೂಯಾರ್ಕಿನ ಚಿತ್ರವಿಮರ್ಶಕರ ಮಂಡಲಿಯವರು ಪರದೇಶದ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನಿತ್ತರು.

ಅವನಲ್ಲಿ ದೋಷಗಳಿಲ್ಲವೆ? ಉಂಟು. ಚಿತ್ರಗಳು ದೀರ್ಘ, ಕೆಲವು ಎರಡೂವರೆ ಗಂಟೆಯನ್ನು ಮೀರುತ್ತವೆ. ಮದುವೆಯಿಲ್ಲದೆ ತಾಯಿಯಾದ ಹುಡುಗಿ, ರೇಗುವ ತಂದೆ, ಕಡೆಗೆ ಮಗುವನ್ನು ಕಂಡು ಕರಗುವ ಮುದುಕ ಎಂಬ ಕಥೆಯನ್ನೇ ‘ಫಾನಿ’ಯಲ್ಲಿ, ‘ಆಂಜೆಲ್’ನಲ್ಲಿ, ‘ಬಾವಿ ತೋಡುವವನ ಮಗಳು’ ಚಿತ್ರದಲ್ಲಿ ಮತ್ತೆ ಮತ್ತೆ ಹೊಸೆದಿದ್ದಾನೆ. ಅವನ ಮುದುಕರು ಆಡಿದಷ್ಟು ಸೊಗಸಾದ ಮಾತನ್ನು ಅವನ ಹೆಂಗಸರು ಆಡುವುದಿಲ್ಲ. ಲೇಖಕನ ಹಕ್ಕಿಗಾಗಿ ಹೋರಾಡಿದ ಇವನನ್ನು ನ್ಯಾಯಾಲಯಕ್ಕೆ ಎಳೆದವನು ಮತ್ತೊಬ್ಬ ಲೇಖಕನೇ: ತನ್ನ ಕಥೆಗಳ ವಿಷಯವಾಗಿ ಜಿಯೊನೊ ಇವನ ಮೇಲೆ ವ್ಯಾಜ್ಯ ಹೂಡಿದನು. ಚಿತ್ರದ ಯಜಮಾನನು ಮಾತು ಬರೆದವನೋ, ಮಾತಿಗೆ ಮೊದಲಿದ್ದ ಕಥೆಯನ್ನು ಬರೆದವನೋ ಎಂಬ ಪ್ರಶ್ನೆಗೆ ಪಾನ್ಯೋಲನ ಸಿದ್ಧಾಂತದಲ್ಲಿ ಅನುಕೂಲವಾದ ಉತ್ತರ ಇರಲಿಲ್ಲ. ‘ಮಾರಿಯುಸ್’, ‘ಫಾನಿ’ಗಳನ್ನು ಮುಂದುವರಿಸಿ 1936ರಲ್ಲಿ ತೆಗೆದ ‘ಸೆಸಾರ್’ ಮಾತ್ರ ಈ ತಕರಾರಿಗೆ ಹೊರಗು. ಅದನ್ನು ನೇರವಾಗಿ ಚಿತ್ರಕ್ಕೆಂದೇ ಬರೆದು, ತಾನೇ ನಿರ್ದೇಶಿಸಿ, ಹತ್ತು ವರ್ಷದ ಮೇಲೆ ನಾಟಕವಾಗಿ ರಂಗಕ್ಕೆ ತಂದನು.

‘ಬಾವಿ ತೋಡುವವನ ಮಗಳು’ ತಯಾರಾಗುತ್ತಿದ್ದುದು 1940ರಲ್ಲಿ. ನಡುವೆ ಫ್ರಾನ್ಸು ಸೋತುಹೋಯಿತು. ಚಿತ್ರಣ ನಿಂತು, ಬೇಸಗೆಯಲ್ಲಿ ಮತ್ತೆ ಮೊದಲಾಯಿತು. ಆ ಸೋಲನ್ನು ಚಿತ್ರದೊಳಕ್ಕೇ ತಂದು, ಮನೆಯವರೆಲ್ಲರೂ ರೇಡಿಯೋದ ಸುತ್ತ ನೆರೆದು ಜೂನ್ 17ರ ಪೆತೆನನ ಭಾಷಣವನ್ನು ಕೇಳುವ ದೃಶ್ಯವನ್ನು ಅವನು ಸೇರಿಸಿದನು. ದೇಶದ ಮನೆಮನೆಯಲ್ಲಿ ಕೆಲವೇ ವಾರಗಳ ಹಿಂದೆ ನಡೆದಿದ್ದ ದೃಶ್ಯ ಅದು. ಮರುವರ್ಷ ಮಾರ್ಸೇಲ್ಸಿನ ಹೊರವಲಯದಲ್ಲಿ ಚಿತ್ರನಗರವೊಂದನ್ನು ಕಟ್ಟಬೇಕೆಂದು ಲಾ ಬ್ಯುಜೀನ್ ಎಂಬ ಹಳೆಯ ಕೋಟೆಮನೆಯನ್ನು ಕೊಂಡನು. ನೋಡಲು ಹೋದಾಗ, ಹುಡುಗನಾಗಿದ್ದಾಗ ಕಾವಲುಗಾರನು ತಡೆದು ತನ್ನ ತಾಯಿಯನ್ನು ಹೆದರಿಸಿದ್ದ ಮನೆ ಅದೇ ಎಂದು ತಿಳಿಯಿತು. ಚಿತ್ರನಗರ ಏಳಲಿಲ್ಲ. ಜರ್ಮನರು ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ್ದ ಚಿತ್ರಸಂಸ್ಥೆ ಇವನನ್ನು ತನ್ನೊಳಗೆ ಸೇರಿಸಿಕೊಳ್ಳಲು ಹವಣಿಸುತ್ತಿತ್ತು. ಪಾನ್ಯೋಲನು 1942ರಲ್ಲಿ, ಅರ್ಧ ಮುಗಿದಿದ್ದ ‘ನಕ್ಷತ್ರಗಳಿಗೆ ಪ್ರಾರ್ಥನೆ’ ಎಂಬ ಚಿತ್ರವನ್ನು ತಾನೇ ನಾಶಮಾಡಿ, ಚಿತ್ರಶಾಲೆಗಳನ್ನು ಗೋಮೊಂ ಕಂಪೆನಿಗೆ ಮಾರಿ, ಸುಮ್ಮನಾದನು. ಮಾತಿನ ಮೇಲೆ ತನಗಿದ್ದ ಅಧಿಕಾರವನ್ನು ಹೆರವರಿಗೆ ಬಿಡುವುದಕ್ಕಿಂತ ಮಾತನ್ನೇ ಬಿಡುವುದು ಲೇಸೆಂದು ತೋರಿತೇನೋ. ಆ ದಿನಗಳಲ್ಲಿ ಎಲ್ಲರೂ ಹೀಗೆ ನಡೆದುಕೊಂಡವರಲ್ಲ.

1946ರಲ್ಲಿ ಫ್ರೆಂಚ್ ಅಕಾಡೆಮಿಯವರು ಅವನನ್ನು ಸದಸ್ಯನನ್ನಾಗಿ ಆರಿಸಿದರು. ಚಿತ್ರ ತೆಗೆಯುವವನೊಬ್ಬನು ಆ ಮಾನ್ಯ ಸಭೆಯನ್ನು ಹೊಕ್ಕದ್ದು ಅದೇ ಮೊದಲು. ಹಳೆಯ ಎದುರಾಳಿ ರೆನೆ ಕ್ಲೇರ್ 1960ರಲ್ಲಿ ಅಲ್ಲಿಗೇ ಬಂದು ಕುಳಿತನು.

ಅವನ ಕಡೆಗಾಲದ ದೊಡ್ಡ ಚಿತ್ರ 1952ರ ‘ಚಿಲುಮೆಗಳ ಮಾನೊನ್’. ನೀರಿಲ್ಲದ ಗುಡ್ಡದ ಊರು. ಪರಊರಿನಿಂದ ಬಂದವನ ಹೊಲದ ಚಿಲುಮೆಯನ್ನು ಇಬ್ಬರು ಗುಟ್ಟಾಗಿ ಮುಚ್ಚಿಬಿಟ್ಟಿದ್ದಾರೆ. ಊರಿನವರಿಗೆ ಗೊತ್ತು, ಒಬ್ಬನೂ ಬಾಯಿ ಬಿಡುವುದಿಲ್ಲ. ಸತ್ತ ಅವನ ಮಗಳು ಬೆಳೆದು, ಊರಿನ ನೀರನ್ನೇ ತಡೆಯುತ್ತಾಳೆ. ಮಾತನಾಡಬೇಕಾದಾಗ ಮಾತನಾಡದ ಊರಿನ ಕಥೆಯನ್ನು ಮಾತನ್ನೇ ನಂಬಿದವನು ತೆಗೆದ ಚಿತ್ರವಿದು. ಮೂರು ಗಂಟೆಗೂ ಹೆಚ್ಚಿನ ಉದ್ದವಾಗಿದ್ದುದರಿಂದ ವಿತರಕರು ಕತ್ತರಿ ಹಾಕಿಸಿದರು. 1954ರಲ್ಲಿ ದೋದೆಯ ಕಥೆಗಳನ್ನು ಆಧರಿಸಿ ಇನ್ನೊಂದು ಚಿತ್ರವನ್ನು ತೆಗೆದ ಮೇಲೆ ಅವನು ಚಿತ್ರಶಾಲೆಯಿಂದ ಬಹುಮಟ್ಟಿಗೆ ದೂರವಾಗಿ ಲೇಖನಿಯನ್ನೇ ಹಿಡಿದನು. 1957ರಿಂದ ಬಾಲ್ಯದ ನೆನಪುಗಳು ಒಂದೊಂದೇ ಸಂಪುಟವಾಗಿ ಬಂದುವು. ಫ್ರೆಂಚ್ ಮಕ್ಕಳು ಇಂದಿಗೂ ಶಾಲೆಯಲ್ಲಿ ಓದುವ ಗದ್ಯ ಅದು. ಆ ‘ಮಾನೊನ್’ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು. 1963ರಲ್ಲಿ ಅದನ್ನು ಕಾದಂಬರಿಯಾಗಿ ಬರೆದನು. ಬರೆಯುವಾಗ, ಚಿತ್ರದಲ್ಲಿ ನಾಲ್ಕು ಮಾತಿನಲ್ಲಿ ತಿಳಿಸಿದ್ದ ತಂದೆಯ ಕಥೆಯೇ ಒಂದು ಪೂರ್ಣ ಸಂಪುಟವಾಗಿ ಬೆಳೆಯಿತು. ಗೂನುಬೆನ್ನಿನ ಆ ನಗರವಾಸಿ, ಪುಸ್ತಕ ಓದಿ ವ್ಯವಸಾಯ ಮಾಡಲು ಬಂದು, ಕೂಗಳತೆಯಲ್ಲಿದ್ದ ನೀರನ್ನರಿಯದೆ ನೀರು ಹೊತ್ತು ಹೊತ್ತು ಬಳಲಿ, ಕಡೆಗೆ ಬಾವಿ ತೋಡುವಾಗ ಸತ್ತ ಕಥೆ. ಕಾದಂಬರಿಯಿಂದ ಚಿತ್ರವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಚಿತ್ರವಾಗಿ ಹುಟ್ಟಿದ್ದು ಹನ್ನೊಂದು ವರ್ಷ ಒಳಗೇ ಮಾಗಿ ಕಾದಂಬರಿಯಾದದ್ದು ಅಪೂರ್ವ.

ಪಾನ್ಯೋಲನು 1974ರ ಏಪ್ರಿಲ್ 18ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನನ್ನು ಮಣ್ಣು ಮಾಡಿದ್ದು ತನ್ನ ಗುಡ್ಡಗಳ ತಪ್ಪಲಿನ ಲಾ ತ್ರೆಯ್ ಹಳ್ಳಿಯಲ್ಲಿ. 1986ರಲ್ಲಿ ಕ್ಲೋದ್ ಬೆರಿ ಎಂಬ ನಿರ್ದೇಶಕನು ಆ ಕಾದಂಬರಿಯನ್ನು ಮತ್ತೆ ಎರಡು ಚಿತ್ರಗಳಾಗಿ ತೆಗೆದನು. ಅವನ್ನು ನಮ್ಮ ಊರುಗಳ ಚಲನಚಿತ್ರ ಸಂಘಗಳಲ್ಲಿ ನೋಡಿದವರು ತಮ್ಮಲ್ಲಿಯೂ ಕೆಲವರಿರಬಹುದು. ಬಣ್ಣದಲ್ಲಿಯೂ ಚಿತ್ರಣದಲ್ಲಿಯೂ ಅವು ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ 1952ರ ಚಿತ್ರದಲ್ಲಿ, ನೀರು ನಿಂತುಹೋದ ಭಾನುವಾರ ಹಳ್ಳಿಯ ಪಾದ್ರಿಯು ದೇವಾಲಯದಲ್ಲಿ ಮಾಡುವ ಉಪದೇಶವೊಂದುಂಟು. ಯಾರನ್ನೂ ಹೆಸರಿಸದೆ ಎಲ್ಲರನ್ನೂ ಹಿಡಿದು ನಿಲ್ಲಿಸುವ ಮಾತು. ಅನುಕೂಲವಾದಾಗ ಅದನ್ನು, ಬೇಕಾದರೆ ಕಣ್ಣು ಮುಚ್ಚಿಕೊಂಡೇ, ಒಮ್ಮೆ ಕೇಳಿ.